ಒಂಬತ್ತನೇ ಕ್ಲಾಸಿನ ಮಗನಿಗೆ ಓಸಿಡಿ: ಒಬ್ಬರು ಮಾತ್ರೆ ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ

ತೋಟದಮನೆ ಅಮ್ಮ, ಸಾಗರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮಗ ಒಂಬತ್ತನೇ ಕ್ಲಾಸು. ಹೋದ ಮಳೆಗಾಲದಿಂದ ಕೈ ತೊಳೆಯುವುದು ಜಾಸ್ತಿ ಆಯಿತು. ಮೊದಮೊದಲು ನಮ್ಮತ್ತೆಗೆ ಖುಷಿ. "ಈ ಕಾಲದಲ್ಲೂ ಮಡಿ ಗೊತ್ತಿರುವ ಒಬ್ಬ ಹುಟ್ಟಿದನಲ್ಲ" ಅಂತ ಮನೆಗೆ ಬಂದವರಿಗೆಲ್ಲ ಹೇಳಿಕೊಂಡರು. ಈಗ ಬಚ್ಚಲಿಗೆ ಹೋದರೆ ಹಂಡೆ ಬರಿದಾಗುವವರೆಗೆ ಹೊರಗೆ ಬರುವುದಿಲ್ಲ. ಬೆರಳ ಸಂದಿಯಲ್ಲಿ ಚರ್ಮ ಬಿರಿದು ರಕ್ತ ಜಿನುಗುತ್ತದೆ. ಅದರ ಮೇಲೇ ಮತ್ತೆ ಸೋಪು. ಬಾಗಿಲ ಚಿಲಕವನ್ನು ಮೊಣಕೈಯಿಂದ ತೆಗೆಯುತ್ತಾನೆ. ಕೊಟ್ಟಿಗೆ ಕಡೆ ತಲೆ ಹಾಕುವುದೇ ಇಲ್ಲ. ಕರು ಹುಟ್ಟಿದರೆ ಅಲ್ಲೇ ಮಲಗುತ್ತೇನೆ ಅಂತಿದ್ದ ಹುಡುಗ.

ಊಟಕ್ಕೆ ಕೂತರೆ ಶುರು. "ಅಮ್ಮ, ತಟ್ಟೆ ತೊಳೆದಿದ್ದೀಯಾ? ಸರಿಯಾಗಿ ತೊಳೆದಿದ್ದೀಯಾ? ಆಣೆ ಮಾಡು." ನಾನು ಆಣೆ ಮಾಡಬೇಕು, ಆಮೇಲೇ ತುತ್ತು ಬಾಯಿಗೆ. ಒಂದು ಸಲ ಸಾಲದು. ಸಾರು ಬಡಿಸಿದರೆ ಇನ್ನೊಂದು ಆಣೆ, ಮಜ್ಜಿಗೆಗೆ ಇನ್ನೊಂದು. ನೋಟ್ಸ್ ಬರೆಯುವಾಗ ಒಂದಕ್ಷರ ಓರೆ ಆದರೂ ಅಳಿಸಿ ಅಳಿಸಿ ಹಾಳೆ ಹರಿಯುತ್ತದೆ. ಈ ಸಲ ಸಮಾಜ ಪರೀಕ್ಷೆಯಲ್ಲಿ ಅರ್ಧ ಪೇಪರ್ ಖಾಲಿ ಬಿಟ್ಟು ಬಂದ. ಉತ್ತರ ಎಲ್ಲ ಗೊತ್ತಿತ್ತು.

ಶಿವಮೊಗ್ಗದಲ್ಲಿ ಮನೋವೈದ್ಯರಿಗೆ ತೋರಿಸಿದೆವು. ಓಸಿಡಿ ಅಂದರು, ಅಂದರೆ ಬೇಡದ ಯೋಚನೆ ಬಿಡದೆ ಬಂದು ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಮನಸ್ಸಿನ ಕಾಯಿಲೆ. ಸೆರ್ಟ್ರಾಲಿನ್ ಅನ್ನುವ ಮಾತ್ರೆ 25 ಎಂಜಿ ಬರೆದರು, ಕೌನ್ಸೆಲಿಂಗ್‌ಗೂ ಹೋಗಿ ಅಂದರು. ಕೌನ್ಸೆಲಿಂಗ್ ಮೇಡಂ ಇರುವುದು ಬೇರೆ ಕಡೆ. ಅವರು ಚೀಟಿ ನೋಡಿ, "ಇಷ್ಟು ಚಿಕ್ಕವನಿಗೆ ಮಾತ್ರೆ ಯಾಕೆ, ಮೊದಲು ಥೆರಪಿ ಮಾಡೋಣ" ಅಂದರು. ನಮ್ಮೂರಿನ ಡಾಕ್ಟರು "ವಯಸ್ಸಿಗೆ ಬರುವಾಗ ಹೀಗೇ, ಕೈಗೆ ಮುಲಾಮು ಹಚ್ಚಿ" ಅಂತಾರೆ. ಶಾಲೆಯಲ್ಲಿ ಕೇಳಿದರೆ ಮೊಬೈಲ್ ಜಾಸ್ತಿ ಆಗಿದೆ ಅಂತಾರೆ. ನಮ್ಮನೆಯವರು ಕೊಯ್ಲಿನ ಗಡಿಬಿಡಿಯಲ್ಲಿದ್ದಾರೆ, "ನಿನಗೆ ಸರಿ ಕಂಡ ಹಾಗೆ ಮಾಡು" ಅಂದುಬಿಟ್ಟರು. ಅದು ಒಪ್ಪಿಗೆಯೋ ಜವಾಬ್ದಾರಿ ಜಾರಿಸುವುದೋ ಅವರಿಗೇ ಗೊತ್ತು.

ಮಾತ್ರೆ ತಂದಿದ್ದೇನೆ. ಸ್ಟ್ರಿಪ್ ಇನ್ನೂ ಒಡೆದಿಲ್ಲ. ಮೆಡಿಕಲ್ ಶಾಪಿನ ಹುಡುಗ ಚೀಟಿ ತಿರುಗಿಸಿ ತಿರುಗಿಸಿ ನೋಡಿ, "ಇದು ಯಾರಿಗೆ ಅಕ್ಕಾ?" ಅಂದ. ಪಕ್ಕದಲ್ಲಿ ನಮ್ಮೂರವರೇ ನಿಂತಿದ್ದರು. ಮನೆಗೆ ಬಂದು ಮೊಬೈಲಿನಲ್ಲಿ ನೋಡಿದರೆ, ಮಕ್ಕಳಿಗೆ ಈ ಮಾತ್ರೆಯಿಂದ ಸಾಯುವ ಯೋಚನೆ ಬರಬಹುದು ಅಂತ ಕಪ್ಪು ಚೌಕದೊಳಗೆ ಬರೆದಿದೆ. ಓದಿದ ಮೇಲೆ ಕೈಯೇ ಬರುತ್ತಿಲ್ಲ.

ಸಿಗಂದೂರಿಗೂ ಹೋಗಿ ಬಂದೆವು. ನನ್ನ ಮನಸ್ಸಿಗೆ ಸಮಾಧಾನ ಆಯಿತು. ಅದರ ಬಗ್ಗೆ ಯಾರೂ ಉಪದೇಶ ಮಾಡಬೇಡಿ.

ನನ್ನ ಪ್ರಶ್ನೆ ಇಷ್ಟೇ. ಮಾತ್ರೆ ಕೊಡಲೋ ಬೇಡವೋ? ಇವರು ನಾಲ್ಕು ಜನ ನಾಲ್ಕು ದಿಕ್ಕಿಗೆ ಎಳೆಯುತ್ತಿದ್ದಾರೆ. ಒಬ್ಬರಿಗೊಬ್ಬರು ಮಾತಾಡುವುದಿಲ್ಲ. ಇವರನ್ನು ಒಂದು ಕಡೆ ತರುವುದು ಹೇಗೆ?

ಹುಬ್ಬಳ್ಳಿಯ ಅಪ್ಪ

ಅಕ್ಕಾರ, ನಮ್ಮ ಮಗಳಿಗೂ ಇದೇ ಆಗಿತ್ತು. ಅವಳದು ತೊಳೆಯುವುದಲ್ಲ, ಎಣಿಸುವುದು. ಮೆಟ್ಟಿಲು ಎಣಿಸಬೇಕು, ಕಿಟಕಿ ಸರಳು ಎಣಿಸಬೇಕು. ರೊಟ್ಟಿ ಮುರಿದರೆ ತುಂಡು ಸಮ ಸಂಖ್ಯೆ ಬರಬೇಕು. ಬೆಸ ಬಂದರೆ ಅಪ್ಪನಿಗೆ ಆಕ್ಸಿಡೆಂಟ್ ಆಗುತ್ತದೆ ಅಂತ ಅವಳ ತಲೆಯಲ್ಲಿ. ನಾನು ದಿನಾ ಬೈಕಿನಲ್ಲಿ ಓಡಾಡುವವನು. ಆ ಕೂಸಿನ ಸಂಕಟ ಎಷ್ಟಿರಬೇಕು ನೋಡ್ರಿ.

ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಕರಕೊಂಡು ಹೋದೆವು. ಮಾತ್ರೆಯನ್ನೂ ಕೊಟ್ಟರು, ಥೆರಪಿಯನ್ನೂ ಹೇಳಿದರು. ಮಾತ್ರೆ ಶುರು ಮಾಡಿದ ಮೊದಲಿಗೆ ಏನೂ ಬದಲಾಗಲಿಲ್ಲ. ಹೊಟ್ಟೆ ತೊಳಸುವುದೊಂದೇ ಬಂದದ್ದು. ನಮ್ಮ ಅಣ್ಣ "ರೊಕ್ಕ ದಂಡ" ಅಂದ. ಆಮೇಲೆ ನಿಧಾನಕ್ಕೆ ಒಂದು ವ್ಯತ್ಯಾಸ ಕಂಡಿತು. ಯೋಚನೆ ಬರುತ್ತಿತ್ತು, ಆದರೆ ಮೊದಲಿನ ಹಾಗೆ ಕುತ್ತಿಗೆ ಹಿಡಿಯುತ್ತಿರಲಿಲ್ಲ. ಥೆರಪಿ ಹತ್ತಿದ್ದೇ ಆಗ.

ಥೆರಪಿ ಅಂದರೆ ಕೂತು ಬುದ್ಧಿ ಹೇಳುವುದಲ್ಲ ರೀ. ನಮ್ಮ ಮನೆ ಊಟದ ಹೊತ್ತೇ ಥೆರಪಿ. ರೊಟ್ಟಿಯನ್ನು ಮೂರು ತುಂಡು ಮಾಡಬೇಕು, ಬೇಕಂತಲೇ. ತಿನ್ನಬೇಕು. ನಾನು ಎದುರಿಗೇ ಕೂತಿರಬೇಕು, "ಏನೂ ಆಗೋದಿಲ್ಲ ಪುಟ್ಟಿ" ಅಂತ ಹೇಳಬಾರದು. ಅದೇ ಕಷ್ಟ. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಮುಖ ನೋಡುತ್ತಿದ್ದಳು, ನಾನು ಚಟ್ನಿ ನೋಡುತ್ತಾ ಕೂತಿರುತ್ತಿದ್ದೆ. ಭಯ ಏರುತ್ತದೆ, ಏರುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಹಾಗೆ ಇಳಿಯುವುದನ್ನು ಅವಳೇ ನೋಡಬೇಕು. ನಾವು ಧೈರ್ಯ ಹೇಳಿಬಿಟ್ಟರೆ ಆ ಅವಕಾಶ ಹೋಯಿತು ಅಂತ ಅಲ್ಲಿನವರು ಹೇಳಿದ್ದರು.

ಇನ್ನು ಮೆಡಿಕಲ್ ಶಾಪ್ ವಿಷಯ. "ಯಾರಿಗೆ?" ಅಂದರೆ ನಾನು "ನನಗೇ" ಅಂತಿದ್ದೆ. ಮೀಸೆ ಇರುವವನಿಗೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ನಿಮ್ಮ ಯಜಮಾನರಿಗೆ ಈ ಕೆಲಸವನ್ನಾದರೂ ಹಚ್ಚಿರಿ.

ಸ್ವಸ್ಥ ಜೀವನ

ಮಕ್ಕಳ ಮೆದುಳಿಗೆ ಇಂಗ್ಲಿಷ್ ಔಷಧಿ ಒಳ್ಳೆಯದಲ್ಲ. ಒಂದು ಸಲ ಶುರು ಮಾಡಿದರೆ ಜೀವನಪೂರ್ತಿ ಬಿಡೋಕಾಗಲ್ಲ. ಬ್ರಾಹ್ಮಿ, ಅಶ್ವಗಂಧ ಕೊಡಿ, ಪ್ರಾಣಾಯಾಮ ಮಾಡಿಸಿ. ಮನಸ್ಸು ಗಟ್ಟಿ ಮಾಡಿಕೊಳ್ಳಲು ಹೇಳಿ.

ಮಕ್ಕಳ ಡಾಕ್ಟರ್, ಹಾಸನ

ನಾನು ಮನೋವೈದ್ಯೆ ಅಲ್ಲ, ಮಕ್ಕಳ ವೈದ್ಯೆ. ಡೋಸ್ ಎಷ್ಟು, ಯಾವಾಗ ಏರಿಸಬೇಕು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ಮೇಲಿನ ಪ್ರತಿಕ್ರಿಯೆ ನೋಡಿ ಸುಮ್ನೆ ಇರಲು ಆಗಲಿಲ್ಲ.

ಮೊದಲು ಅದನ್ನೇ ಮುಗಿಸುತ್ತೇನೆ. ಸೆರ್ಟ್ರಾಲಿನ್ ಚಟ ಹತ್ತಿಸುವ ಮಾತ್ರೆ ಅಲ್ಲ, ನಿದ್ದೆ ಮಾತ್ರೆಯೂ ಅಲ್ಲ. ದಿಢೀರ್ ಅಂತ ನಿಲ್ಲಿಸಿದರೆ ತಲೆಸುತ್ತು, ಸಿಡಿಮಿಡಿ ಬರುತ್ತದೆ, ಅದಕ್ಕೇ ಡೋಸ್ ಇಳಿಸುತ್ತಾ ಬಿಡಿಸುತ್ತಾರೆ. ಸಾಮಾನ್ಯವಾಗಿ ಮಗು ಚೆನ್ನಾಗಿ ಸುಧಾರಿಸಿದ ಮೇಲೂ ವರ್ಷದ ಹತ್ತಿರ ಮುಂದುವರಿಸಿ, ಪರೀಕ್ಷೆಯ ಸಮಯ ತಪ್ಪಿಸಿ, ನಿಧಾನಕ್ಕೆ ಇಳಿಸುತ್ತಾರೆ. ಪ್ರಾಣಾಯಾಮ ಮಾಡಿಸಿ, ನನ್ನ ತಕರಾರಿಲ್ಲ. ಚೂರ್ಣ, ಕಷಾಯ ಏನೇ ಕೊಡುತ್ತಿದ್ದರೂ ಮಾತ್ರೆ ಬರೆದವರಿಗೆ ಹೇಳಿ. "ಮನಸ್ಸು ಗಟ್ಟಿ ಮಾಡಿಕೋ" ಅನ್ನುವುದನ್ನು ಮಾತ್ರ ದಯವಿಟ್ಟು ಆ ಹುಡುಗನಿಗೆ ಹೇಳಬೇಡಿ. ಅವನು ದಿನವಿಡೀ ಮಾಡುತ್ತಿರುವುದು ಅದೇ.

ಈಗ ನಿಮ್ಮ ಪ್ರಶ್ನೆ. 2004ರಲ್ಲಿ ಅಮೆರಿಕದಲ್ಲಿ ಪಾಟ್ಸ್ ಅಂತ ಒಂದು ಅಧ್ಯಯನ ಆಯಿತು. 7ರಿಂದ 17 ವರ್ಷದ, ಓಸಿಡಿ ಇರುವ 112 ಮಕ್ಕಳು. ಒಂದು ಗುಂಪಿಗೆ ಸೆರ್ಟ್ರಾಲಿನ್ ಮಾತ್ರ, ಒಂದಕ್ಕೆ ಥೆರಪಿ ಮಾತ್ರ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಖಾಲಿ ಮಾತ್ರೆ. 12 ವಾರ ಆದ ಮೇಲೆ ರೋಗ ಬಹುತೇಕ ಹೋಗಿದೆ ಅನ್ನುವಷ್ಟು ಸುಧಾರಿಸಿದವರು: ಎರಡೂ ಸಿಕ್ಕವರಲ್ಲಿ ಶೇ 53.6, ಥೆರಪಿ ಮಾತ್ರ ಸಿಕ್ಕವರಲ್ಲಿ ಶೇ 39.3, ಮಾತ್ರೆ ಮಾತ್ರ ಸಿಕ್ಕವರಲ್ಲಿ ಶೇ 21.4, ಖಾಲಿ ಮಾತ್ರೆಯವರಲ್ಲಿ ಶೇ 3.6.

ಇದನ್ನು ಇಟ್ಟುಕೊಂಡು ನೋಡಿದರೆ ನಿಮ್ಮ ಡಾಕ್ಟರೂ ಸರಿ, ಮೇಡಂ ಕೂಡ ಪೂರ್ತಿ ತಪ್ಪಲ್ಲ. ತೊಂದರೆ ಕಮ್ಮಿ ಇದ್ದರೆ ಥೆರಪಿಯಿಂದಲೇ ಶುರು ಮಾಡುವುದು ಒಪ್ಪಿತ ಕ್ರಮ. ಆದರೆ ಕೈ ಬಿರಿದು ರಕ್ತ ಬರುತ್ತಿದೆ, ಪರೀಕ್ಷೆ ಬರೆಯಲಾಗುತ್ತಿಲ್ಲ, ಆಣೆ ಇಲ್ಲದೆ ಊಟ ಇಲ್ಲ ಅಂದರೆ ಅದು ಕಮ್ಮಿ ಅಲ್ಲ. ನಾನಾಗಿದ್ದರೆ ಎರಡನ್ನೂ ಕೇಳುತ್ತಿದ್ದೆ. ಮೇಡಂಗೆ ಒಂದೇ ಪ್ರಶ್ನೆ ಕೇಳಿ: "ನೀವು ಇಆರ್‌ಪಿ ಮಾಡುತ್ತೀರಾ?" ಹುಬ್ಬಳ್ಳಿಯವರು ರೊಟ್ಟಿ ಕಥೆ ಹೇಳಿದರಲ್ಲ, ಅದೇ ಇಆರ್‌ಪಿ. ಭಯಕ್ಕೆ ಸ್ವಲ್ಪ ಸ್ವಲ್ಪವೇ ಎದುರಾಗಿ, ತೊಳೆಯದೆ, ಎಣಿಸದೆ ತಡೆದುಕೊಳ್ಳುವ ಅಭ್ಯಾಸ. ಪಾಟ್ಸ್‌ನಲ್ಲಿ ಕೆಲಸ ಮಾಡಿದ ಥೆರಪಿಯೂ ಈ ಜಾತಿಯದೇ. ಬರೀ ಸಮಾಧಾನದ ಮಾತು, ಏಕಾಗ್ರತೆಯ ಟಿಪ್ಸ್ ಇವಕ್ಕೆ ಆ ಅಂಕಿಗಳು ಅನ್ವಯಿಸುವುದಿಲ್ಲ.

ಕಪ್ಪು ಚೌಕದ ವಿಷಯ. ಅದು ಸುಳ್ಳಲ್ಲ. 2004ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಎಚ್ಚರಿಕೆ ಹಾಕಿಸಿತು. ಆಗ ಅವರು 24 ಪ್ರಯೋಗಗಳ 4,400ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಸಾಯುವ ಯೋಚನೆ ಅಥವಾ ಅಂಥ ನಡವಳಿಕೆ ಖಾಲಿ ಮಾತ್ರೆಯವರಲ್ಲಿ ಶೇ 2, ಔಷಧಿಯವರಲ್ಲಿ ಶೇ 4. ಆ ಪ್ರಯೋಗಗಳಲ್ಲಿ ಯಾವ ಮಗುವೂ ಆತ್ಮಹತ್ಯೆ ಮಾಡಿಕೊಂಡಿರಲಿಲ್ಲ. ಆ ಚೌಕ ಹೇಳುವುದು ಕೊಡಬೇಡಿ ಅಂತ ಅಲ್ಲ, ಕೊಟ್ಟು ಮರೆಯಬೇಡಿ ಅಂತ. ಶುರುವಿನ ವಾರಗಳಲ್ಲಿ ಮತ್ತು ಡೋಸ್ ಬದಲಾದಾಗ ಹತ್ತಿರದಿಂದ ನೋಡಬೇಕು. ಕೂತಲ್ಲಿ ಕೂರಲಾರದ ಚಡಪಡಿಕೆ, ರಾತ್ರಿಯೆಲ್ಲ ಎಚ್ಚರ, ಹಿಂದೆಂದೂ ಇಲ್ಲದ ಸಿಟ್ಟು ಅಥವಾ ಅತಿ ಉತ್ಸಾಹ, "ನಾನು ಇರಲೇಬಾರದು" ಅನ್ನುವಂಥ ಮಾತು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ. ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ (ಕೆಲವು ಕಾಲ ಅತಿ ಉತ್ಸಾಹ, ಕೆಲವು ಕಾಲ ಖಿನ್ನತೆ) ಇದ್ದರೆ ಮೊದಲೇ ಹೇಳಿ. ಮಾತ್ರೆ ಡಬ್ಬಿ ನಿಮ್ಮ ಬೀರುವಿನಲ್ಲಿರಲಿ. ತೋಟಕ್ಕೆ ಹೊಡೆಯುವ ಔಷಧಿಗಳಿಗೂ ಬೀಗ ಹಾಕಿ. ಇದು ಈ ಮಾತ್ರೆ ಇರಲಿ ಬಿಡಲಿ, ಮಕ್ಕಳಿರುವ ಎಲ್ಲ ಕೃಷಿಕರ ಮನೆಗೂ ನಾನು ಹೇಳುವ ಮಾತು.

ಕಾಯಬೇಕು ಕೂಡ. ಓಸಿಡಿಗೆ ಸರಿಯಾದ ಡೋಸ್ ಮುಟ್ಟಿದ ಮೇಲೆ 8ರಿಂದ 12 ವಾರ ನೋಡದೆ ಮಾತ್ರೆ ಕೆಲಸ ಮಾಡಲಿಲ್ಲ ಅಂತ ಹೇಳಲಾಗದು.

ಇನ್ನೊಂದು, ನಿಮ್ಮೂರ ಡಾಕ್ಟರಿಗೆ ಈ ಮಾತ್ರೆಯ ಹೆಸರು ಖಂಡಿತ ಗೊತ್ತಿರಬೇಕು. ಕೆಮ್ಮಿಗೆ ಕೊಡುವ ಕೆಲವು ಸಿರಪ್‌ಗಳಲ್ಲಿ ಡೆಕ್ಸ್ಟ್ರೋಮೆಥಾರ್ಫಾನ್ ಇರುತ್ತದೆ. ನೋವಿಗೆ ಕೆಲವರು ಟ್ರಮಡಾಲ್ ಬರೆಯುತ್ತಾರೆ. ಸೆರ್ಟ್ರಾಲಿನ್ ಜೊತೆ ಇವು ಆಗಿಬರುವುದಿಲ್ಲ. ಅವರು ಓಸಿಡಿಯನ್ನು ನಂಬುತ್ತಾರೋ ಬಿಡುತ್ತಾರೋ, ಕೆಮ್ಮು ಬಂದಾಗ ನೀವು ಹೋಗುವುದು ಅವರ ಹತ್ತಿರವೇ ಅಲ್ವಾ?

ತೋಟದಮನೆ ಅಮ್ಮ, ಸಾಗರ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಔಷಧಿ ಬೀಗದ ಮಾತು ನೋಡಿ ಮೊದಲು ಆ ಕೆಲಸ ಮಾಡಿ ಬಂದೆ.

ಮೇಡಂಗೆ ಫೋನ್ ಮಾಡಿ ಇಆರ್‌ಪಿ ಕೇಳಿದೆ. ಮಾಡುತ್ತಾರಂತೆ. ಮಾತ್ರೆಗೆ ನನ್ನ ವಿರೋಧ ಇಲ್ಲ, ಆದರೆ ಡಾಕ್ಟರಿಗೆ ನಾನಾಗಿ ಫೋನ್ ಮಾಡಿ ಏನಂತ ಹೇಳಲಿ ಅಂತ ಹಿಂಜರಿದರು. ಡಾಕ್ಟರ ಹತ್ತಿರ ಹೋದರೆ ಹೊರಗೆ ಅಷ್ಟು ಜನ. ನಾನು ಬಾಯಿ ತೆಗೆಯುವುದರೊಳಗೆ ಮುಂದಿನವರನ್ನು ಕರೆದಾಗಿರುತ್ತದೆ. ಒಂದು ಸಲ ಹೋಗಿ ಬರುವುದೆಂದರೆ 70 ಕಿಲೋಮೀಟರ್ ಆಚೆ, 70 ಈಚೆ, ದಿನ ಪೂರ್ತಿ.

ಅತ್ತೆಗೆ ಏನು ಹೇಳಲಿ ಅನ್ನುವುದೂ ಗೊತ್ತಾಗುತ್ತಿಲ್ಲ. "ಮಡಿ ಮಾಡಿದರೆ ಕಾಯಿಲೆಯಾ?" ಅಂತ ಕೇಳುತ್ತಾರೆ.

ನಿವೃತ್ತ ಸೋಶಿಯಲ್ ವರ್ಕರ್, ದಾವಣಗೆರೆ

ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಸಂಬಳ ತೆಗೆದುಕೊಂಡವಳು ನಾನು. ನಿಮ್ಮ ಕೊನೆಯ ಪ್ರಶ್ನೆಯೇ ನನ್ನ ಕಸುಬು. ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಅಮೆರಿಕದ ಸಿಯಾಟಲ್‌ನಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇದಕ್ಕೊಂದು ಪದ್ಧತಿಯನ್ನೇ ಕಟ್ಟಿದ್ದಾರೆ. ಕುಟುಂಬದ ಡಾಕ್ಟರು, ಮನೋವೈದ್ಯರು, ಇವರಿಬ್ಬರ ನಡುವೆ ಓಡಾಡಲು ಒಬ್ಬ ಸಂಬಳದ ವ್ಯಕ್ತಿ. ಆ ವ್ಯಕ್ತಿಯ ಕೆಲಸ ಏನು? ಮನೆಗೆ ಫೋನ್ ಮಾಡುವುದು, ಮಾತ್ರೆ ತಗೊಂಡೆಯಾ ಅಂತ ಕೇಳುವುದು, ಒಂದೇ ಪ್ರಶ್ನಾವಳಿಯಿಂದ ಅಂಕ ಹಾಕುವುದು, ಅಂಕ ಇಳಿಯದಿದ್ದರೆ ಮನೋವೈದ್ಯರ ಮುಂದೆ ಇಡುವುದು. 2014ರಲ್ಲಿ 13ರಿಂದ 17 ವರ್ಷದ, ಖಿನ್ನತೆ ಇದ್ದ 101 ಮಕ್ಕಳಲ್ಲಿ ಇದರ ಫಲಿತಾಂಶ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ, ಹೀಗೆ ಹಿಂದೆ ಬಿದ್ದು ನೋಡಿಕೊಂಡವರಲ್ಲಿ ಶೇ 67.6ರಷ್ಟು ಮಕ್ಕಳ ತೊಂದರೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಉಳಿದವರಲ್ಲಿ ಶೇ 38.6. ಆ ಉಳಿದವರಿಗೂ ಡಾಕ್ಟರಿದ್ದರು, ಔಷಧಿ ಸಿಗುತ್ತಿತ್ತು. ಇಲ್ಲದಿದ್ದದ್ದು ಹಿಂದೆ ಬೀಳುವ ಒಬ್ಬರು. ಅದು ಖಿನ್ನತೆಯ ಲೆಕ್ಕ, ಓಸಿಡಿಯದಲ್ಲ. ಆದರೂ ನಾನು ಜಿಲ್ಲೆಯ ಕ್ಯಾಂಪ್‌ಗಳಲ್ಲಿ ಕಂಡದ್ದು ಇದೇ. ಔಷಧಿ ಸೋಲುವುದಕ್ಕಿಂತ ಮುಂಚೆ ಎರಡನೇ ಭೇಟಿ ತಪ್ಪಿಹೋಗುತ್ತದೆ.

ನಮ್ಮಲ್ಲಿ ಆ ಕುರ್ಚಿ ಖಾಲಿ. ಅದರಲ್ಲಿ ಅಮ್ಮಂದಿರು ಕೂರುತ್ತಾರೆ. ಅದು ಸರಿ ಅಂತ ನಾನು ಹೇಳುವುದಿಲ್ಲ, ನನಗೆ ಸಿಟ್ಟೇ ಬರುತ್ತದೆ. ಆದರೆ ಸದ್ಯಕ್ಕೆ ಕೂರಬೇಕಾದವರು ನೀವೇ ಆದ್ದರಿಂದ, ಕೆಲಸವನ್ನು ಸುಲಭ ಮಾಡಿಕೊಳ್ಳುವ ದಾರಿ ಹೇಳುತ್ತೇನೆ.

ಒಂದು ಹಾಳೆ ಮಾಡಿ. ಒಂದೇ. ಫೈಲ್ ತಂದರೆ ಯಾರೂ ತೆರೆಯುವುದಿಲ್ಲ. ಮೇಲುಗಡೆ ಮಾತ್ರೆಯ ಹೆಸರು, ಎಂಜಿ, ಶುರುವಾದ ತಾರೀಖು, ಡೋಸ್ ಏರಿದ ತಾರೀಖು. ಅದರ ಕೆಳಗೆ ವಾರಕ್ಕೊಂದು ಸಾಲು: ಬಚ್ಚಲಲ್ಲಿ ಸುಮಾರು ಎಷ್ಟು ನಿಮಿಷ, ಊಟಕ್ಕೆ ಎಷ್ಟು ಆಣೆ, ನಿದ್ದೆ ಹೇಗೆ, ಶಾಲೆಗೆ ಹೋದನಾ. ಬೇರೆ ಬಣ್ಣದ ಪೆನ್ನಿನಲ್ಲಿ, ಮೇಡಂ ಆ ವಾರ ಕೊಟ್ಟ ಅಭ್ಯಾಸ. ಡಾಕ್ಟರ ಕೋಣೆಗೆ ಹೋದ ಕೂಡಲೇ ಮಾತಾಡಬೇಡಿ, ಹಾಳೆಯನ್ನು ಮೇಜಿನ ಮೇಲೆ ಅವರ ಕಡೆ ತಿರುಗಿಸಿ ಇಡಿ. ಎಂಥ ಗಡಿಬಿಡಿಯ ಡಾಕ್ಟರಾದರೂ ಬರೆದದ್ದನ್ನು ಓದುತ್ತಾರೆ. ಓದಿದ ಮೇಲೆ ಪ್ರಶ್ನೆ ಅವರೇ ಕೇಳುತ್ತಾರೆ, ಆಗ ನಿಮಗೆ ಸಮಯ ಸಿಗುತ್ತದೆ.

ಮೇಡಂಗೆ ಹೇಳಿ: "ಫೋನ್ ಬೇಡ, ನಾಲ್ಕು ಸಾಲಿನ ಪತ್ರ ಬರೆದುಕೊಡಿ." ಹುಡುಗನ ತೊಂದರೆ ಇಷ್ಟು, ಇಆರ್‌ಪಿ ಶುರು ಮಾಡುತ್ತಿದ್ದೇನೆ, ಮಾತ್ರೆ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ. ಅದರ ಕೆಳಗೇ ಡಾಕ್ಟರ ಕೈಲಿ ಎರಡು ಸಾಲು ಬರೆಸಿಕೊಳ್ಳಿ. ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಮೇಡಂಗೆ ಕಳಿಸಿ. ಇಬ್ಬರೂ ಒಬ್ಬರ ಮೇಲೊಬ್ಬರು ಮುನಿಸಿಕೊಂಡಿಲ್ಲ, ಇಬ್ಬರಿಗೂ ಸಂಕೋಚ ಅಷ್ಟೇ. ಕಾಗದಕ್ಕೆ ಸಂಕೋಚ ಇರುವುದಿಲ್ಲ.

ಯಾರಿಗೆ ಏನು ಹೇಳುತ್ತೀರಿ ಅಂತ ಮಗನಿಗೆ ಮೊದಲೇ ತಿಳಿಸಿ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗುಟ್ಟು ಕಾಪಾಡುವುದು ರೋಗಿಯ ಹಕ್ಕು. ಅಪ್ರಾಪ್ತರ ಪರವಾಗಿ ಪೋಷಕರು ನಿರ್ಧಾರ ಮಾಡುತ್ತಾರೆ, ನಿಜ. ಆದರೆ ಶಾಲೆಯ ಸ್ಟಾಫ್ ರೂಮಿಗೆಲ್ಲ ರೋಗದ ಹೆಸರು ಗೊತ್ತಾಗಬೇಕಿಲ್ಲ. ಅವನಿಗೆ ಇಷ್ಟವಾದ ಒಬ್ಬ ಟೀಚರ್ ಸಾಕು. ಅವರಿಗೂ ಇಷ್ಟೇ ಹೇಳಿ: ಅಳಿಸುವುದು ಅವನ ತೊಂದರೆ, ಅಕ್ಷರಕ್ಕೆ ಬೈಯಬೇಡಿ, ಹೊರಗೆ ಹೋಗುತ್ತೇನೆ ಅಂದರೆ ಎಲ್ಲರೆದುರು ಯಾಕೆ ಅಂತ ಕೇಳಬೇಡಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಹೆಚ್ಚಿನ ಸಮಯ ಕೇಳಬೇಕಾಗಬಹುದು ಅನ್ನಿಸಿದರೆ ಏನೇನು ಕಾಗದ ಬೇಕು ಅಂತ ಜೂನ್‌ನಲ್ಲೇ ಶಾಲೆಯಲ್ಲಿ ವಿಚಾರಿಸಿ. ಜನವರಿಯಲ್ಲಿ ಕೇಳಿದರೆ ತಡ.

ಅತ್ತೆಯವರ ಪ್ರಶ್ನೆ ಒಳ್ಳೆಯ ಪ್ರಶ್ನೆ. ನಮ್ಮ ಅಜ್ಜಿಯೂ ಮಡಿ ಮಾಡಿದವರೇ. ಮಡಿಗೆ ಒಂದು ಕೊನೆ ಇದೆ. ಸ್ನಾನ ಆಯಿತು, ಒಣಗಿದ ಸೀರೆ ಉಟ್ಟರು, ಮುಗಿಯಿತು, ನೆಮ್ಮದಿಯಾಗಿ ಅಡಿಗೆಗೆ ಕೂತರು. ಈ ಹುಡುಗನಿಗೆ ಮುಗಿಯುವುದೇ ಇಲ್ಲ, ನೆಮ್ಮದಿಯೂ ಇಲ್ಲ. ಇದನ್ನು ಹಾಗೇ ಅತ್ತೆಗೆ ಹೇಳಿ, ಅವರಿಗೆ ಅರ್ಥ ಆಗುತ್ತದೆ. ಆಮೇಲೆ ಅವರಿಗೊಂದು ಕೆಲಸ ಕೊಡಿ. ಮೇಡಂ ಯೋಜನೆ ಹಾಕಿದ ಮೇಲೆ ಬಡಿಸುವ ಕೆಲಸ ಅವರದಾಗಲಿ. "ತೊಳೆದಿದೆಯಾ?" ಅಂದರೆ "ನನಗೇನು ಗೊತ್ತು ಮಗಾ, ಊಟ ಮಾಡು" ಅನ್ನಲಿ. ಇಂಥ ಮಾತು ಅಜ್ಜಿಯರಿಗೆ ಬಂದಷ್ಟು ಸಲೀಸಾಗಿ ಅಮ್ಮಂದಿರಿಗೆ ಬರುವುದಿಲ್ಲ. ಆದರೆ ಆಣೆಯನ್ನು ನಾಳೆಯಿಂದಲೇ ಪೂರ್ತಿ ನಿಲ್ಲಿಸಿಬಿಡಬೇಡಿ. ಎಷ್ಟು, ಯಾವಾಗ ಕಮ್ಮಿ ಮಾಡಬೇಕು ಅನ್ನುವುದು ಮಗ ಮತ್ತು ಮೇಡಂ ಕೂತು ಮಾಡುವ ಪಟ್ಟಿಯಲ್ಲಿ ಬರುತ್ತದೆ. ಚಿಲಕ ಮೊದಲು, ಕೊಟ್ಟಿಗೆ ಕೊನೆಗೆ, ಹಾಗೆ.

ದೂರದ ವಿಷಯ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ಮಂಗಳವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೇ ಕೇಳಿ. ನಿಮ್ಮ ಡಾಕ್ಟರನ್ನು ಬಿಡಬೇಕಿಲ್ಲ. ನಡುವಿನ ಚೆಕಪ್ ಅಲ್ಲಿ ಆಗಬಹುದು, ಅದೇ ಹಾಳೆ ತೋರಿಸಿ. ರಾತ್ರಿ ಹೊತ್ತು ಭಯ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. 2022ರ ಅಕ್ಟೋಬರ್ 10ರಿಂದ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಎರಡನ್ನೂ ಸರಿಯಾಗಿ ಮಾಡಿಯೂ ಸುಧಾರಿಸದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಅಂತ ಬೇರೆ ಕ್ಲಿನಿಕ್ ಇದೆ, ಮಕ್ಕಳ ವಿಭಾಗವೂ ಇದೆ. ಈಗಲೇ ಓಡಬೇಡಿ.

ಫೈನಲ್ ಇಯರ್ ಹುಡುಗಿ, ಮಂಗಳೂರು

ಆಂಟಿ, ನಾನು ಪಿಯುಸಿಯಲ್ಲಿದ್ದಾಗ ಓಸಿಡಿಗೆ ಫ್ಲುವಾಕ್ಸೆಟಿನ್ ಅನ್ನುವ ಮಾತ್ರೆ ಶುರು ಮಾಡಿದವಳು. ಇಲ್ಲಿ ಎಲ್ಲರೂ ಅವನ ಬಗ್ಗೆ ಮಾತಾಡುತ್ತಿದ್ದಾರೆ, ಅವನಿಗೆ ಎಷ್ಟು ಗೊತ್ತು?

ಒಂದು ಮಾತು. ಮಾತ್ರೆಯನ್ನು ಹಾಲಿನಲ್ಲೋ ಅನ್ನದಲ್ಲೋ ಕದ್ದು ಕೊಡುವ ಯೋಚನೆ ಯಾರಾದರೂ ಹೇಳಿದರೆ ಒಪ್ಪಬೇಡಿ. ತಟ್ಟೆ ಶುದ್ಧ ಇದೆಯಾ ಅಂತ ಆಣೆ ಕೇಳುವ ಹುಡುಗ ಅವನು. ಊಟದಲ್ಲಿ ಏನೋ ಸೇರಿಸಿದ್ದಾರೆ ಅಂತ ಒಂದು ಸಲ ಗೊತ್ತಾದರೆ ಮುಗಿಯಿತು, ಆಮೇಲೆ ನೀವು ಎಷ್ಟು ಆಣೆ ಮಾಡಿದರೂ ನಂಬುವುದಿಲ್ಲ.

ಇನ್ನೊಂದು. ತೊಳೆಯುವುದು ನಿಮಗೆ ಕಾಣುತ್ತದೆ. ಕಾಣದೇ ಇರುವುದೂ ಇರಬಹುದು. ನನಗೆ ದೇವರ ಮುಂದೆ ನಿಂತರೆ ಕೆಟ್ಟ ಕೆಟ್ಟ ಮಾತು ತಲೆಯಲ್ಲಿ ಬರುತ್ತಿತ್ತು. ಅಮ್ಮನಿಗೆ ಚಾಕುವಿನಿಂದ ಚುಚ್ಚಿಬಿಡುತ್ತೇನೋ ಅಂತ ಅಡಿಗೆಮನೆಗೇ ಹೋಗುತ್ತಿರಲಿಲ್ಲ. ಅದೂ ಓಸಿಡಿಯೇ, ಅಂಥ ಯೋಚನೆ ಬಂದವರು ಹಾಗೆ ಮಾಡಲು ಬಯಸುವವರಲ್ಲ ಅಂತ ಡಾಕ್ಟರ್ ಹೇಳುವವರೆಗೆ ನಾನು ಕೊಲೆಗಾತಿ ಅಂದುಕೊಂಡಿದ್ದೆ. ಇದನ್ನು ಅಮ್ಮನ ಎದುರಿಗೇ ಯಾವ ಮಗು ಹೇಳುತ್ತದೆ? ಡಾಕ್ಟರ ಹತ್ತಿರ ಹೋದಾಗ ಸ್ವಲ್ಪ ಹೊತ್ತು ಅವನನ್ನು ಒಬ್ಬನೇ ಬಿಡಿ. ಹೊರಗೆ ಬಂದ ಮೇಲೆ "ಏನು ಹೇಳಿದೆ?" ಅಂತ ಕೇಳಬೇಡಿ ಪ್ಲೀಸ್.

ಮಾತ್ರೆಯಿಂದ ನಾನು ಬೇರೆ ಯಾರೋ ಆಗಲಿಲ್ಲ. ಮೊದಲು ತಲೆನೋವಿತ್ತು, ಹೋಯಿತು. ಈಗಲೂ ಯೋಚನೆ ಬರುತ್ತದೆ. ಬಂದರೆ ಬರಲಿ ಅಂತ ತರಕಾರಿ ಹೆಚ್ಚುತ್ತಿರುತ್ತೇನೆ.

ತೋಟದಮನೆ ಅಮ್ಮ, ಸಾಗರ

ಈ ಹುಡುಗಿ ಬರೆದದ್ದನ್ನು ಓದಿ ತೋಟದ ಕಡೆ ಎದ್ದು ಹೋದೆ. ಹಾಲಿನಲ್ಲಿ ಹಾಕಿ ಕೊಡು ಅಂತ ನನ್ನ ನಾದಿನಿ ಹೇಳಿದ್ದರು.

ಆಮೇಲೆ ಮಗನನ್ನೇ ಕೂರಿಸಿಕೊಂಡು ಹೇಳಿದೆ. ಓಸಿಡಿ ಅಂತ ಹೆಸರು, ಇದು ಮಾತ್ರೆ, ಇದರಿಂದ ಹೀಗೆ ಹೀಗೆ ಆಗಬಹುದು, ಕೆಟ್ಟ ಯೋಚನೆ ಬಂದರೆ ನನಗೆ ಹೇಳಬೇಕು, ನನಗೆ ಹೇಳಲಾಗದಿದ್ದರೆ ಈ ನಂಬರ್. ಅವನು ಬಹಳ ಹೊತ್ತು ಸುಮ್ಮನಿದ್ದ. "ಬೇರೆಯವರಿಗೂ ಹೀಗಾಗುತ್ತಾ?" ಅಂದ. ರೊಟ್ಟಿ ಎಣಿಸುವ ಹುಡುಗಿಯ ಕಥೆ ಹೇಳಿದೆ (ಹುಬ್ಬಳ್ಳಿಯವರೇ, ಕ್ಷಮಿಸಿ, ನಿಮ್ಮನ್ನು ಕೇಳಲಿಲ್ಲ). "ನನ್ನದು ಅವಳಿಗಿಂತ ಪರವಾಗಿಲ್ಲ" ಅಂದ! ಮಾತ್ರೆಯನ್ನು ಸ್ಟ್ರಿಪ್‌ನಿಂದ ತಾನೇ ಒತ್ತಿ ತೆಗೆಯುತ್ತಾನಂತೆ, ನಾನು ಮುಟ್ಟಬಾರದಂತೆ. ಇದಕ್ಕೆ ಒಪ್ಪಬಹುದಾ ಅಂತ ಮೇಡಂಗೆ ಕೇಳಿದೆ. "ಸದ್ಯಕ್ಕೆ ಒಪ್ಪಿ, ಮುಂದೆ ಅದನ್ನೂ ಪಟ್ಟಿಗೆ ಸೇರಿಸೋಣ" ಅಂದರು. ಪತ್ರವನ್ನೂ ಬರೆದುಕೊಟ್ಟರು. ಡಾಕ್ಟರು ಅದರ ಕೆಳಗೆ ಎರಡಲ್ಲ, ಆರು ಸಾಲು ಬರೆದರು.

ಮಾತ್ರೆ ಶುರುವಾಗಿದೆ. ರಾತ್ರಿ ಕೊಡುತ್ತಿದ್ದೇ‌ನೆ. ನಿದ್ದೆ ಸ್ವಲ್ಪ ತಡ ಆಗುತ್ತಿದೆ, ಹೊಟ್ಟೆ ತೊಳಸುತ್ತದೆ ಅಂತಾನೆ. ಹಾಸನದ ಡಾಕ್ಟರೇ, ಬೆಳಿಗ್ಗೆಗೆ ಬದಲಾಯಿಸಬಹುದಾ? ನಿನ್ನೆ ನೆಂಟರ ಮನೆಗೆ ಹೋಗಿ ಮರೆತೂ ಹೋಯಿತು, ಇವತ್ತು ಎರಡು ಕೊಡಬೇಕಾ?

ಮಕ್ಕಳ ಡಾಕ್ಟರ್, ಹಾಸನ

ಎರಡು ಕೊಡಬೇಡಿ. ತಪ್ಪಿದ್ದು ತಪ್ಪಿತು, ಇವತ್ತಿನದು ಒಂದೇ. ನಿದ್ದೆ ಕೆಡುತ್ತಿದ್ದರೆ ಬೆಳಿಗ್ಗೆ ತಿಂಡಿ ಆದ ಮೇಲೆ ಕೊಡುವುದು ರೂಢಿ, ಹೊಟ್ಟೆಗೂ ಅದು ಒಳ್ಳೆಯದು. ಆದರೂ ನಿಮ್ಮ ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿಯೇ ಬದಲಾಯಿಸಿ. ನಿದ್ದೆ ತಡ ಆಗುತ್ತಿರುವುದನ್ನೂ ಹೇಳಿ, ಹಾಳೆಯಲ್ಲೂ ಬರೆದಿಡಿ. ಜೊತೆಗೆ ಚಡಪಡಿಕೆ ಏನಾದರೂ ಇದೆಯಾ? ಇದ್ದರೆ ಇವತ್ತೇ ಫೋನ್ ಮಾಡಿ.